ಅವ್ವ ತುಂಬಿಕೊಟ್ಟ ಅಕ್ಷರಗಳು

ತೊಗಲಿನ ವಾಸನೆ ಸೋಪಿಗೆ ಹೋಗುವುದಿಲ್ಲ. ಕುರುಗೋಡಿನ ಪ್ರಾಥಮಿಕ ಶಾಲೆಯಲ್ಲಿ ನಾನು ಮಾಸ್ತರನಾಗಿದ್ದ ವರ್ಷಗಳಲ್ಲಿ ಸೋಮವಾರ ಬೆಳಿಗ್ಗೆ ಎರಡೆರಡು ಸಲ ಮೈ ತಿಕ್ಕಿಕೊಂಡು ಹೋಗುತ್ತಿದ್ದೆ. ಆದರೂ ನನ್ನ ಪಕ್ಕದ ಕುರ್ಚಿ ತುಸು ಆಚೆಗೇ ಸರಿದಿರುತ್ತಿತ್ತು. ನಮ್ಮದು ತೊಗಲುಗೊಂಬೆ ಆಡಿಸುವ ಮನೆತನ. ಶನಿವಾರ ಶಾಲೆ ಬಿಟ್ಟ ಕೂಡಲೇ ಕುರುಗೋಡಿನಿಂದ ಬಳ್ಳಾರಿಗೆ ಒಂದು ಬಸ್ಸು, ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಇನ್ನೊಂದು ಬಸ್ಸು. ಭಾನುವಾರವೆಲ್ಲ ಅವ್ವನ ಎದುರು ಕೂತು ಆಡಿನ ತೊಗಲಿನ ಕೂದಲು ತೆಗೆಯುವುದು, ಕೊಬ್ಬು ಕೆರೆಯುವುದು. ಸಂಜೆ ಮತ್ತೆ ಬಸ್ಸು. ಶಾಲೆ ಸಾಕಾಗಿತ್ತು, ಬಸ್ಸು ಸಾಕಾಗಿತ್ತು, ತೊಗಲಂತೂ ಸಾಕುಸಾಕಾಗಿತ್ತು.

ಅಪ್ಪ ತೀರಿಕೊಂಡ ಮೇಲೆ ನಮ್ಮ ಮೇಳ ಒಡೆಯಿತು. ಸಿರುಗುಪ್ಪದ ಜನ ಸಂಜೆಯಾದರೆ ತೆಲುಗು ಸಿನಿಮಾಕ್ಕೆ ಹೋಗುತ್ತಿದ್ದರು. ಪರದೆಯ ಹಿಂದೆ ದೀಪ ಹಚ್ಚಿ ಗೊಂಬೆ ಕುಣಿಸಿದರೆ ನೋಡುವವರು ಯಾರು? ಅವ್ವ ಮಾತ್ರ ಕೈಬಿಡಲಿಲ್ಲ. ಬೇರೆ ಮೇಳದವರು ತಂದುಕೊಟ್ಟ ಹಳೆಯ ಗೊಂಬೆಗಳನ್ನು ಹೊಲಿದು, ಬಣ್ಣ ಉದುರಿದಲ್ಲಿ ಬಣ್ಣ ತುಂಬಿ ಕೊಡುತ್ತಿದ್ದಳು. ಅವರೂ ಬರಬರುತ್ತ ಕಡಿಮೆಯಾದರು. ಅದೇ ಹೊತ್ತಿಗೆ ಅವಳ ಬಲಗೈ ನಡುಗತೊಡಗಿತು. ಒಂದು ಗೆರೆ ಎಳೆಯಬೇಕಾದರೆ ಎಡಗೈಯಿಂದ ಬಲಗೈ ಮಣಿಕಟ್ಟನ್ನು ಗಟ್ಟಿ ಹಿಡಿದುಕೊಳ್ಳುತ್ತಿದ್ದಳು. ನಾನು ನೋಡಿದರೆ ಕೈಯನ್ನು ಸೆರಗಿನೊಳಗೆ ಇಟ್ಟುಕೊಳ್ಳುವಳು.

ಎಪ್ಪತ್ತರ ದಶಕದ ನಡುವಿನಲ್ಲಿ ಬಳ್ಳಾರಿಯ ಒಂದು ಶಾಲೆಯ ಹಾಲಿನಲ್ಲಿ ಕೈಕಸುಬಿನ ಪ್ರದರ್ಶನ ನಡೆಯಿತು. ಅವ್ವನಿಗೂ ಕರೆ ಬಂತು. ಗೊಂಬೆಗಳನ್ನು ಹಗ್ಗಕ್ಕೆ ತೂಗುಹಾಕಿ ಅವಳು ಕೆಳಗೆ ಕೂತಿದ್ದಳು. ನಾನು ಬಸ್ಸಿನ ಹೊತ್ತು ನೋಡಿಕೊಳ್ಳುತ್ತ ಗೋಡೆಗೆ ಒರಗಿದ್ದೆ. ಬಿಳಿ ಪ್ಯಾಂಟು, ಬಿಳಿ ಅಂಗಿಯ ಮುದುಕರೊಬ್ಬರು ಬಂದರು. ರಾಣಿಯ ಗೊಂಬೆಯೊಂದನ್ನು ಕಿಟಕಿಯ ಬೆಳಕಿಗೆ ಹಿಡಿದು, ಎಷ್ಟು ತೆಳ್ಳಗೆ ಕೆರೆದಿದ್ದಾರಲ್ಲ ಎಂದು ತಮ್ಮಷ್ಟಕ್ಕೆ ಮರಾಠಿಯಲ್ಲಿ ಅಂದುಕೊಂಡರು. ಅವ್ವ ಮರಾಠಿಯಲ್ಲೇ ಉತ್ತರ ಕೊಟ್ಟಳು.

ನಮ್ಮ ಮನೆಮಾತು ಒಂದು ಬಗೆಯ ಹಳೇ ಮರಾಠಿ. ಅವರದು ಕೊಂಕಣದ ಮರಾಠಿ. ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಧಂಬರ್ಧ ತಿಳಿಯುತ್ತಿತ್ತು, ಅಷ್ಟಕ್ಕೇ ಇಬ್ಬರಿಗೂ ಹಿಡಿಸಲಾರದಷ್ಟು ಖುಷಿ. ಇಲ್ಲಿ ಅವರ ಮಾತನ್ನೆಲ್ಲ ನಮ್ಮ ಸೀಮೆಯ ಕನ್ನಡದಲ್ಲೇ ಬರೆಯುತ್ತೇನೆ. ಬಳ್ಳಾರಿಯಲ್ಲಿ ಇಷ್ಟು ವರ್ಷ ಕಳೆದವರಿಗೆ ಅದೂ ಚೆನ್ನಾಗಿಯೇ ಬರುತ್ತಿತ್ತು. ಅವರು ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತರಾದವರು, ಹಾಗಾಗಿ ನಮ್ಮ ಬಾಯಲ್ಲಿ ಸಾಹೇಬರಾದರು. ತಾವು ಯಹೂದಿಗಳೆಂದರು.

"ಯಹೂದಿ ಅಂದ್ರ ಯಾರ್ರೀ?" ಎಂದಳು ಅವ್ವ.

"ನಮ್ಮ ಹಿರೇರು ಕೊಂಕಣದಾಗ ಎಣ್ಣಿ ತೆಗೀತಿದ್ರು ತಾಯಿ. ಶನಿವಾರ ಮಾತ್ರ ಗಾಣಕ್ಕ ಎತ್ತು ಕಟ್ತಿರಲಿಲ್ಲ."

"ಹಂಗಾರ ಗಾಣಿಗ್ರು ಅನ್ರಿ."

"ಅಂದಾಜು ಹಂಗ ಅನ್ಕೋರಿ," ಎಂದು ಸಾಹೇಬರು ನಕ್ಕರು. ಅವ್ವನ ಪಾಲಿಗೆ ಅಲ್ಲಿಗೆ ಯಹೂದಿಗಳ ಸಂಗತಿ ಇತ್ಯರ್ಥವಾಯಿತು.

ನಮ್ಮನ್ನು ಮನೆಗೆ ಕರೆದರು. ನನಗೆ ಬಸ್ಸಿನ ಚಿಂತೆ, ಅವ್ವ ಆಗಲೇ ಚಪ್ಪಲಿ ಮೆಟ್ಟಿದ್ದಳು. ರೈಲ್ವೆ ಕಾಲೊನಿಯ ಹಿಂದಿನ ಓಣಿಯಲ್ಲಿ ಎರಡು ಕೋಣೆಯ ಮನೆ. ಒಳಗಿನ ಮಂಚದ ಮೇಲೆ ಸಾಹೇಬರ ಹೆಂಡತಿ. ಮರಾಠಿಯ ರೂಢಿಯಂತೆ ನಾವು ಅವರನ್ನು ಬಾಯಿಯವರು ಎಂದೇ ಕರೆದೆವು. ಎದೆಯ ಕಾಯಿಲೆಯಿಂದ ಹಾಸಿಗೆ ಹಿಡಿದು ತಿಂಗಳುಗಳಾಗಿದ್ದವು. ಮಕ್ಕಳಿರಲಿಲ್ಲ. ನೆಂಟರೆಲ್ಲ ತಮ್ಮವರ ಹೊಸ ದೇಶಕ್ಕೆಂದು ಹಡಗು ಹತ್ತಿ ಹೋಗಿದ್ದರಂತೆ. "ಬಳ್ಳಾರಿ ಬಿಸಲಾಗ ಬೆಂದಿದ್ದು ಸಾಲದಂತ ಅಲ್ಲಿ ಮರಳಿಗೆ ಬ್ಯಾರೆ ಹೋಗಬೇಕೇನು?" ಎಂದು ಬಾಯಿಯವರು ಹಟ ಹಿಡಿದು ಇಲ್ಲೇ ಉಳಿದಿದ್ದರು.

ಸಾಹೇಬರು ಕೈ ತೊಳೆದುಕೊಂಡು ಬಂದು ಮರದ ಕೊಳವೆಯೊಂದರಿಂದ ಒಂದು ಸುರುಳಿ ತೆಗೆದರು. ಅದನ್ನು ಕಣ್ಣಿಗೊತ್ತಿಕೊಂಡು, ಮುತ್ತಿಟ್ಟು, ಮೆಲ್ಲಗೆ ಮೇಜಿನ ಮೇಲಿಟ್ಟರು. ನಾನು ಹತ್ತಿರ ಬಾಗಿದೆ. ಬೇರೆ ಯಾರಿಗೆ ತಿಳಿಯದಿದ್ದರೂ ನನಗೆ ತಿಳಿಯುತ್ತದೆ, ಅದು ತೊಗಲು. ಕರುವಿನದೋ ಆಡಿನದೋ, ಹದ ಮಾಡಿ, ಕೆರೆದು, ನಯ ಮಾಡಿದ ತೊಗಲು. ಕುರುಗೋಡಿನಲ್ಲಿ ಶಾರದಾ ಪೂಜೆಯ ದಿನ ಹೆಡ್‌ಮಾಸ್ತರರು ನನಗೊಬ್ಬನಿಗೇ ಸೊಂಟದ ಬೆಲ್ಟು ಬಿಚ್ಚಿ ಹೊರಗಿಟ್ಟು ಬಾ ಎಂದಿದ್ದರು. ಇಲ್ಲಿ ಒಬ್ಬರು ತೊಗಲಿಗೆ ಮುತ್ತಿಡುತ್ತಿದ್ದರು.

ಅಂಚಿನುದ್ದಕ್ಕೂ ದಾಳಿಂಬೆ ಬಳ್ಳಿ, ಅದರೊಳಗೆ ಹಕ್ಕಿಗಳು. ಮೊದಲಲ್ಲಿ ಕಮಾನಿನ ಕೆಳಗೆ ಕಿರೀಟ ಇಟ್ಟುಕೊಂಡ ರಾಣಿ. ನಡುವೆ ಕಪ್ಪು ಮಸಿಯ ಚೌಕ ಚೌಕ ಅಕ್ಷರಗಳು. ತನ್ನ ಜನರನ್ನೆಲ್ಲ ಕೊಲ್ಲಿಸಲು ಹೊರಟ ಮಂತ್ರಿಯಿಂದ ಅವರನ್ನು ಉಳಿಸಿಕೊಂಡ ರಾಣಿಯೊಬ್ಬಳ ಕಥೆ ಅದು ಎಂದು ಸಾಹೇಬರು ಹೇಳಿದರು. ವರ್ಷಕ್ಕೊಮ್ಮೆ, ಹೋಳಿ ಹುಣ್ಣಿಮೆಯ ಆಸುಪಾಸಿನಲ್ಲಿ, ಅವರ ಹಬ್ಬದ ದಿನ ಅದನ್ನು ಓದಬೇಕು. ಕೊಂಕಣದ ಅವರ ಹಿರಿಯರು ಅದನ್ನು ಹೋಳಿಯ ಹಬ್ಬವೆಂದೇ ಕರೆಯುತ್ತಿದ್ದರಂತೆ. ಅವರ ತಂದೆ ಮುಂಬಯಿಯಲ್ಲಿ ಒಬ್ಬ ಬರಹಗಾರನಿಂದ ಬರೆಸಿದ ಸುರುಳಿ.

ಅವ್ವ ಅಕ್ಷರ ನೋಡಲೇ ಇಲ್ಲ. "ರಾಣಿ ಮೂಗು ನೋಡಲೇ ತಮ್ಮಾ, ಎಲ್ಲೀನೂ ಕೈ ಎತ್ತದಂಗ ಎಳದಾನ," ಎಂದಳು.

ತೊಂದರೆ ಎಂದರೆ, ತೊಗಲು ಒಣಗಿ ಬಿರುಸಾಗಿತ್ತು. ಬಿಚ್ಚಿದಷ್ಟೂ ಚಟಚಟ ಎನ್ನುತ್ತಿತ್ತು. ಮಡಿಕೆ ಬಿದ್ದಲ್ಲಿ ಮಸಿ ಉದುರಿ ಅಕ್ಷರಗಳು ಮಾಯವಾಗಿದ್ದವು. ಇನ್ನು ಬಲವಂತ ಮಾಡಿದರೆ ಮುರಿದೇ ಹೋಗುವುದು. ಮುಂಬಯಿಗೆ ಒಯ್ಯೋಣವೆಂದರೆ ಬಾಯಿಯವರನ್ನು ಬಿಟ್ಟು ಹೋಗುವಂತಿಲ್ಲ. ಅಚ್ಚಾದ ಪುಸ್ತಕವೂ ಮನೆಯಲ್ಲಿತ್ತು. ಆದರೆ ಬಾಯಿಯವರು ಒಪ್ಪುತ್ತಿರಲಿಲ್ಲ.

"ಕಾಗದದಾಗಿಂದು ಓದಿದ್ರ ನನಗ ಕೇಳಿದಂಗ ಆಗಂಗಿಲ್ಲರೀ," ಎಂದು ಮಂಚದಿಂದಲೇ ಅವ್ವನಿಗೆ ಹೇಳಿದರು. "ಲಗ್ನ ಆಗಿ ಬಂದಾಗಿಂದ ಇವ್ರು ಇದರಾಗ ಓದಿದ್ದ ಕೇಳೀನಿ. ಮುಂದಿನ ಹೋಳಿಗೆ ನಾ ಇರಂಗಿಲ್ಲ. ಈ ಸರ್ತಿ ಒಂದು ಕೇಳಿಬಿಟ್ರ ಮುಗೀತು."

ಸಾಹೇಬರು ಗೋಡೆ ನೋಡುತ್ತ ನಿಂತಿದ್ದರು. ಆಮೇಲೆ ಅವ್ವನ ಕಡೆ ತಿರುಗಿ, "ತೊಗಲು ಮೆತ್ತಗ ಮಾಡಿ ಕೊಡ್ರಿ ತಾಯಿ. ಬಿಚ್ಚಿದ್ರ ಮುರೀಬಾರದು, ಅಷ್ಟಾದ್ರ ಸಾಕು," ಎಂದರು. ಅದಕ್ಕಿಂತ ಹೆಚ್ಚು ಏನನ್ನೂ ಹೇಳಲಿಲ್ಲ. ಹೆಬ್ಬೆಟ್ಟು ಒತ್ತುವ ಹೆಂಗಸಿಗೆ, ಅಕ್ಷರ ಬರೆಯಬೇಡಿ ಎಂದು ಹೇಳಬೇಕೆಂದು ಯಾರಿಗೆ ತಾನೆ ಹೊಳೆದೀತು?

ತೊಗಲು ಮೆತ್ತಗೆ ಮಾಡುವುದು ಅವ್ವನಿಗೆ ರೊಟ್ಟಿ ತಟ್ಟಿದಷ್ಟು ಸಲೀಸು. ದೊಡ್ಡ ಗಡಿಗೆಯಲ್ಲಿ ನೀರಿಟ್ಟು, ನೀರು ತಾಗದಂತೆ ಮೇಲೆ ಬಿದಿರಿನ ಬುಟ್ಟಿ ಇಟ್ಟು, ಅದರೊಳಗೆ ಸುರುಳಿ ಮಲಗಿಸಿ, ಬಾಯಿಗೆ ಒದ್ದೆ ಅರಿವೆ ಕಟ್ಟಿದಳು. ತೇವದ ಗಾಳಿಗೇ ತೊಗಲು ಸಡಿಲಾಯಿತು. ಆಮೇಲೆ ಎರಡು ಹಲಗೆಗಳ ನಡುವೆ ಇಟ್ಟು ಮೇಲೆ ಒರಳುಗುಂಡು ಹೇರಿದಳು. ಇದಿಷ್ಟನ್ನು ನೋಡಿ ನಾನು ಕುರುಗೋಡಿಗೆ ಹೋದೆ. ವಾರ ಕಳೆದು ಬಂದಾಗ ಅವ್ವ ಬಾಗಿಲಲ್ಲೇ ಕಾಯುತ್ತಿದ್ದಳು. ಅವಳ ಮುಖದಲ್ಲಿ ಅಂಥ ಕಳೆ ನೋಡಿ ಎಷ್ಟೋ ವರ್ಷವಾಗಿತ್ತು.

ಸುರುಳಿಯನ್ನು ಚಾಪೆಯ ಮೇಲೆ ಉದ್ದಕ್ಕೆ ಹಾಸಿದಳು. ಒಂದು ಸದ್ದಿಲ್ಲದೆ ಬಿಚ್ಚಿಕೊಂಡಿತು. "ಹುಡುಕು ನೋಡೂಣು. ಇದರಾಗ ಅವ್ರು ಬರದದ್ದು ಯಾವ್ದು, ನಾ ಬರದದ್ದು ಯಾವ್ದು?"

ಉದುರಿಹೋಗಿದ್ದ ಅಕ್ಷರಗಳೆಲ್ಲ ಇದ್ದವು. ದೀಪದ ಕಪ್ಪಿಗೆ ಜಾಲಿಯ ಅಂಟು ಕಲಸಿ, ಈಚಲ ಕಡ್ಡಿ ಜಜ್ಜಿ ಮಾಡಿದ ಕುಂಚದಿಂದ ಎಲ್ಲವನ್ನೂ ತುಂಬಿದ್ದಳು. ಓದು ಬಾರದ ಅವಳಿಗೆ ಅಕ್ಷರವೂ ಒಂದು ಚಿತ್ರವೇ. ಅರ್ಧ ಉಳಿದ ಅಕ್ಷರಕ್ಕೆ ಜೊತೆಯದನ್ನು ಬೇರೆ ಸಾಲಿನಲ್ಲಿ ಹುಡುಕಿ, ಅಳತೆ ನೋಡಿ, ಅದೇ ಮೊಳೆ ಅದೇ ಕೊಕ್ಕೆ ಬರುವಂತೆ ಎಳೆದಿದ್ದಳು. ಪೂರ್ತಿ ಹೋದ ಕಡೆ ಉಳಿದ ಮಸಿಯ ಕಲೆಯನ್ನು ಬಿಸಿಲಿಗೆ ಹಿಡಿದು ಗುರುತು ಹಚ್ಚಿದ್ದಳು. ನಮ್ಮ ಮನೆಯಲ್ಲಿ ಅದೊಂದು ಕಟ್ಟಳೆ. ರಿಪೇರಿಗೆ ಬಂದ ಗೊಂಬೆಯ ಕಾಲು ಹೊಲಿಯಲು ಕೊಟ್ಟಿದ್ದರೂ, ಕಣ್ಣು ಅಳಿಸಿಹೋಗಿದ್ದರೆ ಕಣ್ಣು ಬರೆದೇ ಕಳಿಸಬೇಕು. ಕುರುಡು ಗೊಂಬೆಯನ್ನು ಮನೆಯಿಂದ ಹೊರಗೆ ಕಳಿಸಿದರೆ ಗೊಂಬೆಗೂ ಅವಮಾನ, ಮನೆಗೂ ಅವಮಾನ. ಅಷ್ಟು ಅಕ್ಷರ ಹೋದ ಸುರುಳಿಯನ್ನು ಹಾಗೇ ವಾಪಸು ಕೊಡುವುದು ಅವಳಿಂದಾಗುವ ಕೆಲಸವಾಗಿರಲಿಲ್ಲ.

ನಾನು ಬಗ್ಗಿ ಬಗ್ಗಿ ನೋಡಿದೆ. ಯಾವುದು ಯಾರದೆಂದು ಹೇಳಲಾಗಲಿಲ್ಲ. ನಡುಗುವ ಕೈಯಿಂದ ಇದನ್ನು ಹೇಗೆ ಬರೆದಳೆಂದು ನನಗೆ ಇವತ್ತಿಗೂ ತಿಳಿದಿಲ್ಲ. "ನಿಂದು ಹೆಚ್ಚು ಕರ್ರಗ ಐತಿ ಬಿಡಬೇ," ಎಂದು ಛೇಡಿಸಿದೆ. ಅವಳು ನನ್ನ ತಲೆಗೆ ಮೊಟಕಿದಳು.

ಭಾನುವಾರ ಸಂಜೆ ಬಳ್ಳಾರಿಯಲ್ಲಿ ಇಳಿದು ಸುರುಳಿ ಒಪ್ಪಿಸಿದೆ. ಸಾಹೇಬರು ಅದನ್ನು ಬಿಚ್ಚುತ್ತ ಬಿಚ್ಚುತ್ತ, "ವಾ, ಹಾಸಿದ ದುಪ್ಪಟಿ ಆಗೇತಲ್ರೀ!" ಎಂದರು. ಒಳಗಿನಿಂದ ಬಾಯಿಯವರು, "ಆತೇನು? ಬಿಚ್ಚತೈತೇನು?" ಎಂದು ಕೂಗಿ ಕೇಳಿದರು. ಸಾಹೇಬರು ಭೂತಗನ್ನಡಿ ಹಿಡಿದು ಅಕ್ಷರದ ಮೇಲೆ ಸರಿಸತೊಡಗಿದರು. ಒಂದು ಕಡೆ ಕನ್ನಡಿ ನಿಂತಿತು. ಇನ್ನೊಂದು ಕಡೆ ನಿಂತಿತು. ಅವರ ಮುಖ ಕಪ್ಪಿಟ್ಟಿತು. ಕುರ್ಚಿಯಲ್ಲಿ ಕುಸಿದು ಕೂತರು.

"ಇಲ್ಲಿ ಬರದವ್ರು ಯಾರು ಮಾಸ್ತರ?"

"ನಮ್ಮವ್ವ. ತುಂಬಿಕೊಟ್ಟಾಳ್ರಿ."

ಅವರು ಕನ್ನಡಿಯನ್ನು ಕೆಳಗಿಟ್ಟರು. ಆಮೇಲೆ, ದನಿ ತಗ್ಗಿಸಿ, ಒಳಗೆ ಕೇಳದಂತೆ ಹೇಳಿದರು. ಈ ಸುರುಳಿಯನ್ನು ಯಾರು ಬೇಕಾದರೂ ಬರೆಯುವಂತಿಲ್ಲ. ಅದನ್ನು ಕಲಿತ, ತಮ್ಮವನೇ ಆದ ಬರಹಗಾರ, ಒಂದೊಂದು ಅಕ್ಷರವನ್ನೂ ಬಾಯಿಂದ ನುಡಿದು, ಇದಕ್ಕೆಂದೇ ಮನಸ್ಸಿಟ್ಟು ಬರೆಯಬೇಕು. "ಬಿದ್ದುಹೋದ ಅಕ್ಷರ ಅಲ್ಲಿಷ್ಟು ಇಲ್ಲಿಷ್ಟು ಇದ್ರ ನಡೀತೈತಿ, ಬಾಯಿಲೆ ತುಂಬಿಕೊಂಡು ಓದಬೌದು ಅಂತ ನಮ್ಮಪ್ಪ ಹೇಳ್ತಿದ್ರು. ಬ್ಯಾರೆ ಕೈ ಬರದದ್ದನ್ನ ನೋಡಿ ಓದಂಗಿಲ್ಲ."

ನನಗೆ ನೆತ್ತಿಗೇರಿತು. ಇಲ್ಲಿಯೂ ಅದೇ ಹಾಡು. ದೂರ ಸರಿಸಿದ ಕುರ್ಚಿ, ಬಿಚ್ಚಿಟ್ಟ ಬೆಲ್ಟು, ಈಗ ಈ ಅಕ್ಷರ. "ನಮ್ಮ ಕೈ ಮುಟ್ಟಿದ್ರ ಮೈಲಿಗಿ ಆತೇನ್ರೀ ಸಾಹೇಬ್ರ?" ಎಂದು ಕೇಳಿಯೇಬಿಟ್ಟೆ.

"ಮೈಲಿಗಿ ಮಾತಲ್ಲ ಅದು. ನಾ ಬರದಿದ್ರೂ ನಡೀತಿರಲಿಲ್ಲ, ನಾನೂ ಅದನ್ನ ಕಲತವ ಅಲ್ಲ." ಸ್ವಲ್ಪ ತಡೆದು ಸೇರಿಸಿದರು. "ನಿಮ್ಮವ್ವ ನಮ್ಮವ್ರಲ್ಲ ಅನ್ನೋದೂ ಐತಿ. ನಿಮ್ಮ ಮುಂದ ಸುಳ್ಳು ಹೇಳಂಗಿಲ್ಲ."

ಸುಳ್ಳು ಹೇಳಿದ್ದರೆ ನಾನು ಎದ್ದು ಬಂದುಬಿಡುತ್ತಿದ್ದೆ. ಹೇಳಲಿಲ್ಲವಾಗಿ ಕೂತೆ. ಏನು ಮಾಡೋಣವೆಂದು ಕೇಳಿದೆ. ಕೆರೆದು ತೆಗೆಯಬಹುದು ಎಂದರು. ಆ ಕಥೆಯಲ್ಲಿ ದೇವರ ಹೆಸರು ಎಲ್ಲಿಯೂ ಬರುವುದಿಲ್ಲವಂತೆ. ಬಂದಿದ್ದರೆ ಅಲ್ಲಿ ಕತ್ತಿ ತಾಗಿಸುವಂತಿರಲಿಲ್ಲ, ಸುರುಳಿಯನ್ನೇ ಮಣ್ಣು ಮಾಡಬೇಕಾಗುತ್ತಿತ್ತು. "ನನ್ನ ಕಣ್ಣಿಗೆ ಆಗಂಗಿಲ್ಲ. ನೀವು ಕೆರೀತೀರೇನು? ನಿಮ್ಮವ್ವಗ ಹೇಳಬ್ಯಾಡ್ರಿ."

ಅಷ್ಟರಲ್ಲಿ ಒಳಗಿನಿಂದ ಬಾಯಿಯವರು ಕರೆದರು. ಗೋಡೆ ತೆಳು, ಅವರಿಗೆ ಎಲ್ಲ ಕೇಳಿಸಿತ್ತು. "ಹಬ್ಬದ ದಿನ ನಿಮ್ಮವ್ವನ್ನ ಕರಕೊಂಡು ಬರ್ರಿ," ಎಂದಷ್ಟೇ ಹೇಳಿದರು.

ಕೆರೆಯುವ ಸಣ್ಣ ಕತ್ತಿಗಳಿದ್ದದ್ದು ಸಿರುಗುಪ್ಪದಲ್ಲಿ, ಅವ್ವನ ಪೆಟ್ಟಿಗೆಯಲ್ಲಿ. ಅವಳಿಗೆ ತಿಳಿಸದೆ ಮಾಡುವ ಕೆಲಸವಲ್ಲ. ಮುಂದಿನ ಭಾನುವಾರ ನಾನು ಸುರುಳಿ ಬಿಚ್ಚಿದ ಕೂಡಲೇ ಅವಳು ಎದುರಿಗೆ ಬಂದು ಕೂತಳು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

"ನಾ ಬರದದ್ದು ಚಲೋ ಬಂದಿಲ್ಲೇನು?"

"ಚಲೋನ ಬಂದೈತಿ ಯವ್ವಾ."

"ಮತ್ತ್ಯಾಕ ಕೆರೀತಿ?"

"ಅವರಾಗ ಒಂದೊಂದು ಅಕ್ಷರಕ್ಕ ಮನಸ್ಸಿಟ್ಟು ಬರೀಬೇಕಂತ."

ಅವ್ವ ನನ್ನ ಮುಖವನ್ನೇ ನೋಡಿದಳು. "ನಾ ಮನಸ್ಸಿಟ್ಟಿಲ್ಲಂತ ಅವ್ರಿಗೆ ಯಾರು ಹೇಳಿದ್ರು?"

ನಾನು ಪೆಟ್ಟಿಗೆಯ ಕಡೆ ತಿರುಗಿದೆ. ಸುಸ್ತಾಗಿತ್ತು. ಸಾಹೇಬರ ಮೇಲೂ ಸಿಟ್ಟು, ಅವ್ವನ ಮೇಲೂ ಸಿಟ್ಟು, ಅಷ್ಟು ಚೆನ್ನಾಗಿ ಬರೆದಿದ್ದಾಳಲ್ಲ ಎಂಬುದಕ್ಕೇ ಹೆಚ್ಚು ಸಿಟ್ಟು. ಕತ್ತಿ ಹಿಡಿದು ಮೊದಲ ಅಕ್ಷರ ಕೆರೆಯತೊಡಗಿದೆ. ಗುರುತಿಗೆ ಸಾಹೇಬರು ಅಚ್ಚಿನ ಪುಸ್ತಕದಲ್ಲಿ, ಹಿಂದೆ ಖಾಲಿಯಿದ್ದ ಜಾಗಗಳ ಪಕ್ಕ ಪೆನ್ಸಿಲಿನಿಂದ ಚುಕ್ಕೆ ಇಟ್ಟು ಕೊಟ್ಟಿದ್ದರು. ಕೈ ಒರಟಾಯಿತು, ತೊಗಲು ಜೂಲು ಎದ್ದಿತು. ಅವ್ವ ತಡೆಯಲಾರದೆ, "ಹಂಗಲ್ಲೋ ಮೂಳಾ, ತೂತು ಬೀಳತೈತಿ. ಕತ್ತಿ ಮಲಗಿಸಿ ಹಿಡಿ," ಎಂದಳು. ನನ್ನ ಬೆರಳನ್ನು ತಾನೇ ತಿದ್ದಿ ಇಟ್ಟಳು. ಆಮೇಲೆ ಇಡೀ ಮಧ್ಯಾಹ್ನ ಅವಳು ತೊಗಲನ್ನು ಬಿಗಿಯಾಗಿ ಹಿಡಿದುಕೊಂಡಳು, ನಾನು ಕೆರೆದೆ. ಒಂದೊಂದು ಅಕ್ಷರ ಪುಡಿಯಾದಾಗಲೂ ಉಫ್ ಎಂದು ಊದಿದಳು. ಅದೇ ಸಂಜೆ ಬಳ್ಳಾರಿಯಲ್ಲಿ ಇಳಿದು ಸುರುಳಿಯನ್ನು ಸಾಹೇಬರಿಗೆ ಕೊಟ್ಟೆ.

ಹಬ್ಬಕ್ಕೆ ಕರೆದಿದ್ದಾರೆ ಎಂದಾಗ, "ನನ್ನ ಕೈ ಬ್ಯಾಡಾದವ್ರಿಗೆ ನನ್ನ ಕಿವಿ ಯಾಕ ಬೇಕು?" ಎಂದು ಮುಖ ತಿರುಗಿಸಿದಳು. ಆದರೆ ಆ ದಿನ ಬೆಳಿಗ್ಗೆ ನಾನು ಹೊರಡುವ ಹೊತ್ತಿಗೆ ಅವಳು ಇಳಕಲ್ ಸೀರೆ ಉಟ್ಟು ನಿಂತಿದ್ದಳು. ತೊಗಲು ಎಲ್ಲಿಯಾದರೂ ಬಿರಿದರೆ ನೋಡಬೇಕಲ್ಲ, ಅದಕ್ಕೆ ಬರುತ್ತಿದ್ದೇನೆ ಎಂದಳು.

ಆ ವರ್ಷ ಅವರ ಹಬ್ಬ ಹೋಳಿಯ ದಿನವೇ ಬಂದಿತ್ತು. ಬಳ್ಳಾರಿಯ ಬಸ್ ನಿಲ್ದಾಣದಿಂದ ಓಣಿ ಮುಟ್ಟುವುದರೊಳಗೆ ನನ್ನ ಬಿಳಿ ಅಂಗಿ ಕೆಂಪಾಗಿತ್ತು. ಅವ್ವನ ಸೀರೆಗೆ ಬಣ್ಣ ಹಾಕುವ ಧೈರ್ಯ ಯಾರಿಗೂ ಬರಲಿಲ್ಲ. ಮನೆಯಲ್ಲಿ ಕೇಳುವವರೆಂದರೆ ಬಾಯಿಯವರು ಮತ್ತು ನಾವಿಬ್ಬರೇ. ಅವ್ವ ಮಂಚದಿಂದ ದೂರ, ಬಾಗಿಲ ಹತ್ತಿರ ಕೂತಳು. ಬಾಯಿಯವರ ಕೈಯಲ್ಲಿ ಒಂದು ಸ್ಟೀಲ್ ತಟ್ಟೆ, ಒಂದು ಚಮಚ. ಕಥೆಯಲ್ಲಿ ಆ ದುಷ್ಟ ಮಂತ್ರಿಯ ಹೆಸರು ಬಂದಾಗಲೆಲ್ಲ ಗದ್ದಲ ಮಾಡಿ ಅದನ್ನು ಮುಳುಗಿಸಬೇಕಂತೆ.

ಸಾಹೇಬರು ಟೋಪಿ ಇಟ್ಟುಕೊಂಡು ಸುರುಳಿ ಬಿಚ್ಚಿ ಓದತೊಡಗಿದರು. ಮಾತು ಒಂದೂ ತಿಳಿಯದಿದ್ದರೂ ದನಿ ಏರುವುದು ಇಳಿಯುವುದು ನಮಗೆ ಹೊಸದಲ್ಲ, ಅಪ್ಪ ಹಾಗೇ ಕಥೆ ಹೇಳುತ್ತಿದ್ದ. ತೊಗಲು ಎಲ್ಲಿಯೂ ಬಿರಿಯಲಿಲ್ಲ. ಮಂತ್ರಿಯ ಹೆಸರು ಬಂತು. ಬಾಯಿಯವರು ತಟ್ಟೆ ಬಡಿದರು. ನಾಲ್ಕಾರು ಸಲ ಬಡಿಯುವುದರೊಳಗೆ ಅವರ ತೋಳು ಸೋತಿತು. ಅವ್ವ ಎದ್ದು ಹೋಗಿ, ಮಂಚದ ಬದಿಗೆ ಕೂತು, ತಟ್ಟೆ ಇಸಿದುಕೊಂಡಳು. ದುಷ್ಟ ಬರುವಾಗ ಹೇಗೆ ಬಡಿಯಬೇಕೆಂದು ಅವಳಿಗೆ ಕಲಿಸಬೇಕೇ? ಓಣಿಯ ಹುಡುಗರು ಪಿಚಕಾರಿ ಬಿಟ್ಟು ಕಿಟಕಿಯಲ್ಲಿ ಇಣುಕಿದರು. ಬಾಯಿಯವರು ಕಣ್ಣು ಮುಚ್ಚಿಕೊಂಡೇ ನಗುತ್ತಿದ್ದರು.

ಅಕ್ಷರ ಇಲ್ಲದ ಜಾಗ ಬಂದಾಗ ಸಾಹೇಬರು ಓದು ನಿಲ್ಲಿಸಿ, ತೊಗಲಿನಿಂದ ತಲೆ ಎತ್ತಿ, ಅಲ್ಲಿನ ಮಾತನ್ನು ನೆನಪಿನಿಂದ ಹೇಳಿ, ಮತ್ತೆ ತಲೆ ತಗ್ಗಿಸುತ್ತಿದ್ದರು. ಮೂರನೆಯದೋ ನಾಲ್ಕನೆಯದೋ ಸಲಕ್ಕೆ ಅವ್ವನಿಗೆ ಅದು ಗೊತ್ತಾಯಿತು. ನನ್ನ ಕಡೆ ತಿರುಗಿ, "ನೋಡು, ಅದು ನಂದು," ಎಂದಳು. ಪಿಸುಮಾತೆಂದು ಅವಳ ಎಣಿಕೆ. ಮೇಳದಲ್ಲಿ ಹಾಡಿದ ಗಂಟಲು, ಮನೆಗೆಲ್ಲ ಕೇಳಿಸಿತು. ಸಾಹೇಬರು ಓದುತ್ತಲೇ ಇದ್ದರು. ಮುಂದಿನ ಸಲ ತಲೆ ಎತ್ತಿದಾಗ ಬಾಯಿಯವರೇ ಕೇಳಿದರು, "ಇದೂ ನಿಮ್ದೇನ್ರೀ?" ಅವ್ವ, "ಹೌದ್ರೀ, ಇದೂ ನಂದ," ಎಂದಳು. ಆಮೇಲೆ ಪ್ರತಿ ಸಲವೂ ಅವರು ಕೇಳುವುದು, ಇವಳು ಹೇಳುವುದು ನಡೆಯಿತು. ಅವ್ವ ಕುಂಚ ತಾಗಿಸುವ ಮೊದಲೂ ಅಲ್ಲೆಲ್ಲ ಖಾಲಿಯೇ ಇತ್ತು, ಆಗಲೂ ಸಾಹೇಬರು ಅಲ್ಲಿ ತಲೆ ಎತ್ತಲೇಬೇಕಾಗಿತ್ತು. ಅದನ್ನು ನಾನು ಹೇಳಲು ಹೋಗಲಿಲ್ಲ.

ಸುರುಳಿ ಮುಗಿಯುತ್ತ ಬಂದಿತು. ಇನ್ನೇನು ಕೆಲವೇ ಸಾಲುಗಳಿರುವಾಗ ಸಾಹೇಬರ ದನಿ ಮತ್ತೆ ನಿಂತಿತು. ಈ ಸಲ ಬಹಳ ಹೊತ್ತು ನಿಂತಿತು. ತಲೆ ಎತ್ತಿ ಮಂಚದ ಕಡೆ ನೋಡುತ್ತಿದ್ದರು, ಬಾಯಿ ತೆರೆದಿತ್ತು, ಮಾತು ಹೊರಡಲಿಲ್ಲ. ಬಾಯಿಯವರು ಕಣ್ಣು ತೆರೆಯದೆ ಅವ್ವನ ಕಡೆ ಕೈ ಚಾಚಿ ಕೇಳಿದರು.

"ಇದೂ ನಿಮ್ದೇನ್ರೀ?"

ಅಲ್ಲಿ ಅವ್ವ ಒಂದು ಅಕ್ಷರವನ್ನೂ ತುಂಬಿರಲಿಲ್ಲ. ಕೆರೆದವನು ನಾನು, ಹಿಡಿದುಕೊಂಡವಳು ಅವಳು, ಇಬ್ಬರಿಗೂ ಗೊತ್ತಿತ್ತು. ಸಾಹೇಬರ ಕೆನ್ನೆಯ ಮೇಲಿನ ನೀರು ಅವಳಿಗೆ ಕಾಣುತ್ತಿತ್ತು. ಅವ್ವ ತಟ್ಟೆ ಕೆಳಗಿಟ್ಟು, ನಡುಗುವ ಕೈಯಿಂದಲೇ ಬಾಯಿಯವರ ಕೈ ಹಿಡಿದುಕೊಂಡಳು.

"ಹೌದ್ರೀ," ಎಂದಳು. "ಇದೂ ನಂದ. ಇಲ್ಲಿ ಭಾಳ ಬರದಿದ್ನಿ, ಅದಕ್ಕ ತಡಾ ಆಗಾಕತ್ತೈತಿ."